ಬಾಡಿಗೆ ಜೆಟ್ ಪೈಲಟ್ ನೌಕರಿ: ಒಂದು ಮೀಮಾಂಸೆ

ಬಾಡಿಗೆ ವಿಮಾನದ ಬಗ್ಗೆ ನಮ್ಮ ಪ್ರಾಚೀನರು ತುಟಿ ಬಿಚ್ಚಿಲ್ಲ ಎಂಬ ಆಪಾದನೆ ನಿರಾಧಾರ. ವಾಲ್ಮೀಕಿ ರಾಮಾಯಣದ ಯುದ್ಧಕಾಂಡದ ಕೊನೆಯ ಭಾಗವನ್ನು ವೈಮಾನಿಕ ದೃಷ್ಟಿಯಿಂದ ಓದಿದರೆ ಸಾಕು. ಪುಷ್ಪಕ ಮೂಲತಃ ಕುಬೇರನ ಸ್ವತ್ತು. ರಾವಣ ಅದನ್ನು ಕಸಿದುಕೊಂಡ. ಯುದ್ಧ ಮುಗಿದ ಮೇಲೆ ವಿಭೀಷಣ ಅದನ್ನು ರಾಮನ ಪ್ರಯಾಣಕ್ಕೆ ಒದಗಿಸಿದ. ಲಂಕೆಯಿಂದ ನೇರ ಅಯೋಧ್ಯೆಗೆಂದು ಹೊರಟದ್ದು, ಸೀತೆಯ ಕೋರಿಕೆಯಂತೆ ದಾರಿಯಲ್ಲಿ ಕಿಷ್ಕಿಂಧೆಗೆ ಬಂದು ತಾರೆಯನ್ನೂ ಇತರ ವಾನರ ಸ್ತ್ರೀಯರನ್ನೂ ಹತ್ತಿಸಿಕೊಂಡಿತು. ತೂಕದ ಲೆಕ್ಕ ಯಾರೂ ಕೇಳಲಿಲ್ಲ. ಕೊನೆಗೆ ರಾಮನನ್ನು ಇಳಿಸಿ, ಖಾಲಿಯಾಗಿ ಕುಬೇರನಲ್ಲಿಗೆ ಮರಳಿತು. ಕೊನೆಗಳಿಗೆಯ ನಿಲುಗಡೆ, ಪಟ್ಟಿಯಲ್ಲಿಲ್ಲದ ಪ್ರಯಾಣಿಕರು, ಖಾಲಿ ವಾಪಸಾತಿ: ಇಂದಿನ ಚಾರ್ಟರ್ ಕಂಪನಿಯ ಒಂದು ದಿನದ ವಹಿವಾಟು ಇದಕ್ಕಿಂತ ಹೆಚ್ಚಿನದೇನಲ್ಲ. ವಿದ್ವಾಂಸರ ಕಣ್ಣಿಗೆ ಬೀಳದೆ ಹೋದ ಸಂಗತಿ ಬೇರೆ ಇದೆ. ಇಷ್ಟು ದೊಡ್ಡ ಹಾರಾಟದಲ್ಲಿ ಪೈಲಟ್‌ನ ಹೆಸರೇ ಇಲ್ಲ. ವಿಮಾನ ಯಜಮಾನನ ಮನಸ್ಸನ್ನು ಅರಿತು ತಾನಾಗಿ ಹಾರುತ್ತಿತ್ತು. ಗಿರಾಕಿಗಳು ಇವತ್ತಿಗೂ ಪೈಲಟ್‌ನಿಂದ ಬಯಸುವುದು ಇದನ್ನೇ.

ಕಿಷ್ಕಿಂಧೆ ಎಂದು ಜನ ನಂಬುವ ಆನೆಗೊಂದಿ–ಹಂಪಿ ಸೀಮೆಯ ಒಂದು ಕಡೆಗೆ ಗಿಣಿಗೇರಾದ ಖಾಸಗಿ ಏರ್‌ಸ್ಟ್ರಿಪ್, ಇನ್ನೊಂದು ಕಡೆಗೆ ತೋರಣಗಲ್ಲಿನ ಜಿಂದಾಲ್ ವಿಮಾನ ನಿಲ್ದಾಣ ಇರುವುದು ಕಾಕತಾಳೀಯವೋ ಪರಂಪರೆಯೋ ಎಂಬುದನ್ನು ಮುಂದಿನ ಸಂಶೋಧಕರಿಗೆ ಬಿಡಲಾಗಿದೆ.

ಇನ್ನು ಲಕ್ಷಣ ವಿಚಾರ. ಬಾಡಿಗೆ ವಿಮಾನದ ಕಂಪನಿಗೆ ನಾಗರಿಕ ವಿಮಾನಯಾನ ನಿರ್ದೇಶನಾಲಯ (ಡಿಜಿಸಿಎ) ಕೊಡುವ ಪರವಾನಗಿಯ ಹೆಸರು ನಾನ್-ಶೆಡ್ಯೂಲ್ಡ್ ಆಪರೇಟರ್ ಪರ್ಮಿಟ್. ವೇಳಾಪಟ್ಟಿ ಇಲ್ಲದೆ ಹಾರುವುದೇ ಚಾರ್ಟರ್ ಎಂದುಬಿಟ್ಟರೆ ತಾರ್ಕಿಕರು ಅತಿವ್ಯಾಪ್ತಿ ದೋಷ ಎತ್ತುತ್ತಾರೆ: ಜನವರಿಯ ಮಂಜಿನಲ್ಲಿ ದೆಹಲಿಯಿಂದ ಹೊರಡುವ ಎಲ್ಲ ವಿಮಾನಗಳಿಗೂ ಈ ಲಕ್ಷಣ ಹೊಂದುತ್ತದೆ. ಹಾಗಾಗಿ ತಿದ್ದುಪಡಿ ಅನಿವಾರ್ಯ. ಪ್ರಯಾಣಿಕ ತಡವಾಗಿ ಬಂದರೂ ಎಲ್ಲಿ ವಿಮಾನ ಕಾಯುತ್ತದೋ, ಮತ್ತು ಆ ತಡಕ್ಕೆ ಎಲ್ಲಿ ಪೈಲಟ್ ಕ್ಷಮೆ ಕೇಳುತ್ತಾನೋ, ಅದು ಚಾರ್ಟರ್.

ಈ ಶಾಸ್ತ್ರಕ್ಕೆ ಅಧಿಕಾರಿ ಯಾರು? 200 ಗಂಟೆ ಹಾರಿ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಪಡೆದವನು. ಅದಕ್ಕಾಗಿ ಅರ್ಧ ಕೋಟಿಯ ಆಸುಪಾಸು ಸುರಿದವನು. ಮದುವೆ ಮನೆಯಲ್ಲಿ ‘ಇನ್ನೂ ಪ್ಲೇನ್ ಸಿಕ್ಕಿಲ್ವಾ ಮರಿ?’ ಎಂದು ಕೇಳುವ ದೊಡ್ಡಪ್ಪನಿಗೆ ಹೆದರಿ ಊಟದ ಕೊನೇ ಪಂಕ್ತಿಗೆ ಕೂರುವವನು. ಈತನ ಕೈಗೆ ಒಂದು ಚಾರ್ಟರ್ ಕಂಪನಿಯ ಪತ್ರ ಬಂದಿದೆ ಎಂದು ಇಟ್ಟುಕೊಳ್ಳೋಣ. ದೊಡ್ಡ ಏರ್‌ಲೈನಿನ ಪರೀಕ್ಷೆಯ ಫಲಿತಾಂಶ ಇನ್ನೂ ಬಂದಿಲ್ಲ. ಸೇರಬೇಕೋ, ಕಾಯಬೇಕೋ?

ಕಾಯಬೇಕೆನ್ನುವ ಪೂರ್ವಪಕ್ಷದವರ ವಾದ ಗಣಿತದ್ದು. ದೊಡ್ಡ ವಿಮಾನದ ಕಮಾಂಡರ್ ಆಗಲು ಬೇಕಾದ ಏರ್‌ಲೈನ್ ಟ್ರಾನ್ಸ್‌ಪೋರ್ಟ್ ಲೈಸೆನ್ಸಿಗೆ 1500 ಗಂಟೆ ಬೇಕು. ಏರ್‌ಲೈನಿನಲ್ಲಿ ವರ್ಷಕ್ಕೆ 1000 ಗಂಟೆಯ ಮಿತಿ ಇದೆ. ಅದರ ಹತ್ತಿರ ಹತ್ತಿರ ಹಾರಿಸುವ ಕಂಪನಿಗಳಿಗೆ ಬರವಿಲ್ಲ. ಅಲ್ಲಿ ಎರಡು ವರ್ಷದೊಳಗೆ ಲೆಕ್ಕ ಚುಕ್ತಾ. ಚಾರ್ಟರಿನಲ್ಲಿ ವರ್ಷಕ್ಕೆ 300 ಎಂದು ಹಿಡಿಯೋಣ. ಬಾಕಿ ಇರುವ 1300ನ್ನು ಅದರಿಂದ ಭಾಗಿಸಿದರೆ ನಾಲ್ಕು ವರ್ಷ ನಾಲ್ಕು ತಿಂಗಳು. ಹಾಗಾದರೆ ಮಿಕ್ಕ ಸಮಯದಲ್ಲಿ ಆತ ಏನು ಮಾಡುತ್ತಾನೆ? ಪೂರ್ವಪಕ್ಷದವರು ಇಲ್ಲಿ ಮುಗುಳ್ನಗುತ್ತಾರೆ. ನಗುವುದು ಶಾಸ್ತ್ರಸಮ್ಮತವಲ್ಲ, ಪ್ರಶ್ನೆಗೆ ಉತ್ತರ ಬೇಕು. ಆದ್ದರಿಂದ ಕ್ಷೇತ್ರಕಾರ್ಯ.

ಸ್ಥಳ: ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣ. 2008ರ ಮೇ 24ರಂದು ದೇವನಹಳ್ಳಿ ನಿಲ್ದಾಣ ಶುರುವಾದಾಗ ವೇಳಾಪಟ್ಟಿಯ ವಿಮಾನಗಳೆಲ್ಲ ಅತ್ತ ಹೋದವು. ಬಾಡಿಗೆಯವು, ಸ್ವಂತದವು, ಸರ್ಕಾರಿಯವು ಇಲ್ಲೇ ಉಳಿದವು. ಸಮಯ: ಬೆಳಗಿನ ಆರು. ಎಂಟಕ್ಕೆ ಹೊರಡಬೇಕಾದ ಎಂಟು ಸೀಟಿನ ಜೆಟ್ ಒಂದರ ಮುಂದೆ ಸಹ-ಪೈಲಟ್ ನಿಂತಿದ್ದಾನೆ. ಭುಜದ ಮೇಲೆ ಮೂರು ಪಟ್ಟಿ, ಒಂದು ಕೈಯಲ್ಲಿ ಹವಾಮಾನದ ಹಾಳೆ, ಇನ್ನೊಂದರಲ್ಲಿ ಇಡ್ಲಿ ಡಬ್ಬಿ. ಹಾರಾಟದ ಯೋಜನೆ ಸಲ್ಲಿಸಿದ್ದಾಯಿತು, ಇಂಧನ ತುಂಬಿಸಿದ್ದಾಯಿತು, ತೂಕ ಮತ್ತು ಸಮತೋಲನದ ಹಾಳೆ ಭರ್ತಿ ಮಾಡಿದ್ದಾಯಿತು. ಈಗ ಐಸ್ ಬಂದಿದೆಯೇ, ಸಾಹೇಬರು ಓದುವ ಪತ್ರಿಕೆ ಬಂದಿದೆಯೇ, ಶೌಚಾಲಯ ಶುಚಿಯಾಗಿದೆಯೇ, ಮೆಟ್ಟಿಲ ಕೆಳಗಿನ ಕೆಂಪು ಹಾಸು ನೇರವಾಗಿದೆಯೇ ಎಂದು ನೋಡಬೇಕು. ಸಾಂಬಾರ್ ಮತ್ತು ಬಿಳಿ ಚರ್ಮದ ಸೀಟುಗಳ ಸಂಬಂಧ ಪ್ರತ್ಯೇಕ ಗ್ರಂಥಕ್ಕೆ ಅರ್ಹ. ಎಂಟಾಯಿತು. ಒಂಬತ್ತೂವರೆ ಆಯಿತು. ಸಾಂಬಾರ್ ಆರಿತು. ಹನ್ನೊಂದಕ್ಕೆ ಮೂರು ಕಾರು ಬಂದವು. ನಾಲ್ವರೆಂದು ಹೇಳಿದ್ದವರು ಆರು ಮಂದಿ ಇಳಿದರು, ಜತೆಗೆ ಗಾಲ್ಫ್ ಚೀಲಗಳು. ಸಹ-ಪೈಲಟ್ ಮೂಟೆ ಹೊರುತ್ತಲೇ ಮನಸ್ಸಿನಲ್ಲಿ ತೂಕದ ಹಾಳೆಯನ್ನು ಹೊಸದಾಗಿ ಬರೆಯುತ್ತಾನೆ. ಹಾರಾಟ ಐವತ್ತು ನಿಮಿಷ. ಆಮೇಲೆ ಒಂದು ಸಣ್ಣ ಏರ್‌ಸ್ಟ್ರಿಪ್‌ನ ಅಂಚಿನಲ್ಲಿ ಬೇವಿನ ಮರದಡಿ ಸಂಜೆ ನಾಲ್ಕರವರೆಗೆ ಕಾಯುವುದು. ಅಲ್ಲಿ ರಾತ್ರಿ ದೀಪಗಳಿಲ್ಲ, ಸೂರ್ಯ ಮುಳುಗುವ ಮುನ್ನ ಹೊರಡಬೇಕು ಎಂಬುದನ್ನು ಸಾಹೇಬರ ಕಾರ್ಯದರ್ಶಿಗೆ ನೆನಪಿಸುವುದೂ ಆತನ ಕೆಲಸವೇ.

ಕಾಯುವಿಕೆಯ ಒಂದು ಶಾಖೆ ಫೋನಿಗೆ ಸಂಬಂಧಿಸಿದ್ದು. ನೈಯಾಯಿಕರು ಬೆಟ್ಟದ ಮೇಲಿನ ಹೊಗೆ ನೋಡಿ ಬೆಂಕಿಯನ್ನು ಅನುಮಾನಿಸಿದರು. ಚಾರ್ಟರ್ ಪೈಲಟ್‌ಗೆ ಅಷ್ಟು ದೂರ ಹೋಗಬೇಕಿಲ್ಲ. ಎಲ್ಲೆಲ್ಲಿ ರಾತ್ರಿ ಹನ್ನೊಂದಕ್ಕೆ ‘ಕ್ಯಾಪ್ಟನ್, ಎಚ್ಚರ ಇದ್ದೀರಾ?’ ಎಂಬ ವಾಟ್ಸಾಪ್ ಸಂದೇಶವೋ, ಅಲ್ಲಲ್ಲಿ ಬೆಳಗಿನ ತಿರುಪತಿ ಹಾರಾಟ. ಹಾರಾಟಕ್ಕೆ ಹನ್ನೆರಡು ಗಂಟೆ ಮುಂಚಿನಿಂದ ಪೈಲಟ್ ಮದ್ಯ ಮುಟ್ಟುವಂತಿಲ್ಲ ಎಂಬುದು ನಮ್ಮ ನಿಯಮ; ಮದ್ಯಸಾರ ಬೆರೆತ ಮೌತ್‌ವಾಶ್ ಕೂಡ ನಿಷಿದ್ಧ. ಯಾವಾಗ ಕರೆ ಬರುತ್ತದೋ ಗೊತ್ತಿಲ್ಲದವನಿಗೆ ಈ ನಿಯಮವನ್ನು ಅನ್ವಯಿಸಿದರೆ ಸಿಗುವ ಫಲಿತಾಂಶ ಆಜೀವ ಪಾನನಿರೋಧ. ಹಿಂದಿನ ಸೀಟಿನವರಿಗೆ ಈ ನಿಯಮ ಅನ್ವಯಿಸುವುದಿಲ್ಲ ಎಂಬುದಕ್ಕೆ ಖಾಲಿ ಬಾಟಲಿಗಳೇ ಪ್ರತ್ಯಕ್ಷ ಪ್ರಮಾಣ.

ಇಷ್ಟಾದರೂ ಸೇರಬೇಕೆನ್ನುವ ಸಿದ್ಧಾಂತಿಗಳು ಪೂರ್ವಪಕ್ಷಕ್ಕೆ ಸುಲಭವಾಗಿ ಸೋಲುವುದಿಲ್ಲ. ಅವರು ಮೊದಲು ವಂಶಾವಳಿ ತೆಗೆಯುತ್ತಾರೆ. ಅಮೆರಿಕದಲ್ಲಿ 1964ರಲ್ಲಿ ಎಕ್ಸಿಕ್ಯುಟಿವ್ ಜೆಟ್ ಏವಿಯೇಷನ್ ಹುಟ್ಟಿದಾಗ ಆಡಳಿತ ಮಂಡಳಿಯಲ್ಲಿ ನಟ ಜೇಮ್ಸ್ ಸ್ಟುವರ್ಟ್ ಇದ್ದರು. ಹಿರೋಷಿಮಾದ ಮೇಲೆ ಬಾಂಬು ಹಾಕಿದ ವಿಮಾನದ ಪೈಲಟ್ ಪಾಲ್ ಟಿಬೆಟ್ಸ್ 1976ರಲ್ಲಿ ಅದರ ಅಧ್ಯಕ್ಷರಾದರು. ಅವರ ಮುಂದೆ ಕೂತು ರಜೆ ಕೇಳಿದ ಪೈಲಟ್‌ಗಳ ಮನಃಸ್ಥಿತಿ ಬೇರೆಯದೇ ಸಂಶೋಧನೆಯ ವಸ್ತು. ಮುಂದೆ ಅದೇ ಕಂಪನಿ ಒಂದು ವಿಮಾನವನ್ನು ಪಾಲು ಪಾಲಾಗಿ ಹಲವರಿಗೆ ಮಾರುವ ಉಪಾಯ ಕಂಡುಹಿಡಿದು ನೆಟ್‌ಜೆಟ್ಸ್ ಆಯಿತು. 1998ರಲ್ಲಿ ವಾರನ್ ಬಫೆಟ್ 72.5 ಕೋಟಿ ಡಾಲರಿಗೆ ಅದನ್ನು ಕೊಂಡರು. ಅಲ್ಲಿನ ಪೈಲಟ್‌ಗಳಲ್ಲಿ ಹಲವರಿಗೆ ಏಳು ದಿನ ಕೆಲಸ, ಏಳು ದಿನ ಮನೆ. ಆ ಏಳು ದಿನ ಮನೆಯಲ್ಲಿ ಫೋನ್ ಆಫ್ ಮಾಡಿಡಬಹುದು ಎಂಬ ಸುದ್ದಿ ನಮ್ಮಲ್ಲಿ ಪುರಾಣಕಥೆಯಂತೆ ಹರಡಿದೆ.

ನಮ್ಮ ಶಾಖೆಯ ಇತಿಹಾಸ ಕಿರಿದು, ಆದರೆ ಬೆಂಗಳೂರಿನ ಜಕ್ಕೂರು ಏರೋಡ್ರೋಮಿಗೆ ಅದರಲ್ಲಿ ಪೀಠವಿದೆ. ಹಾಸನದ ಗೊರೂರಿನವರಾದ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಮತ್ತು ಗೆಳೆಯರು 1997ರಲ್ಲಿ ಅಲ್ಲಿಂದಲೇ ಡೆಕ್ಕನ್ ಏವಿಯೇಷನ್ ಹೆಸರಿನಲ್ಲಿ ಹೆಲಿಕಾಪ್ಟರ್ ಬಾಡಿಗೆಗೆ ಬಿಟ್ಟರು. ಅಗ್ಗದ ಟಿಕೆಟ್ಟಿನ ಏರ್ ಡೆಕ್ಕನ್ ಬಂದದ್ದು 2003ರಲ್ಲಿ. ಅಂದರೆ ಎಲ್ಲರನ್ನೂ ಹಾರಿಸುವ ಮುನ್ನ ಅವರು ಕೆಲವರನ್ನು ಹಾರಿಸಿ ಅಭ್ಯಾಸ ಮಾಡಿಕೊಂಡರು. ಆದರೆ ನೆಟ್‌ಜೆಟ್ಸ್ ಕೈಯಲ್ಲಿ ನೂರಾರು ಜೆಟ್‌ಗಳಿದ್ದರೆ ನಮ್ಮ ಬಹುಪಾಲು ಕಂಪನಿಗಳಲ್ಲಿ ಇರುವುದು ಒಂದೋ ಎರಡೋ. ಇದರ ಪರಿಣಾಮ ಗಹನ. ಇರುವ ಒಂದೇ ವಿಮಾನ ರಿಪೇರಿಗೆ ಹೋದರೆ ಕಂಪನಿಯೇ ರಿಪೇರಿಗೆ ಹೋದಂತೆ. ವಿಮಾನ ಮಾರಿದರೆ ಪೈಲಟ್ ಕಲಿತ ಟೈಪ್ ರೇಟಿಂಗ್ ಗೋಡೆಯ ಅಲಂಕಾರ, ಯಾಕೆಂದರೆ ಹಾಕರ್ ಜೆಟ್ ಓಡಿಸಬಲ್ಲವನಿಗೆ ಏರ್‌ಬಸ್‌ನವರು ಕುರ್ಚಿ ಕೊಡುವುದಿಲ್ಲ, ಹೊಸದಾಗಿ ಕಲಿ ಅನ್ನುತ್ತಾರೆ. ಅನೇಕ ಬಿಸಿನೆಸ್ ಜೆಟ್‌ಗಳ ಸಿಮ್ಯುಲೇಟರ್ ಇರುವುದು ವಿದೇಶದಲ್ಲಿ. ಅಲ್ಲಿಗೆ ಕಳಿಸಿದ ಖರ್ಚಿಗೆ ಕಂಪನಿ ಬಾಂಡ್ ಬರೆಸಿಕೊಳ್ಳುತ್ತದೆ. ಬಿಟ್ಟು ಹೋಗೋಣವೆಂದರೆ 2017ರ ಡಿಜಿಸಿಎ ನಿಯಮ ಕಮಾಂಡರ್‌ಗೆ ಒಂದು ವರ್ಷ, ಸಹ-ಪೈಲಟ್‌ಗೆ ಆರು ತಿಂಗಳ ಮುಂಗಡ ನೋಟಿಸ್ ಕೇಳುತ್ತದೆ. ಸೇರುವ ಪತ್ರದಲ್ಲಿ ‘ಕುಟುಂಬದಂಥ ವಾತಾವರಣ’ ಎಂದು ಬರೆದಿದ್ದನ್ನು ಶಬ್ದಪ್ರಮಾಣವಾಗಿ ಸ್ವೀಕರಿಸಬಹುದು: ಕುಟುಂಬದಿಂದಲೂ ಅಷ್ಟು ಬೇಗ ಹೊರಬರಲಾಗದು.

ನ್ಯಾಯವಾಗಿ ಹೇಳಬೇಕೆಂದರೆ ಲಾಭಗಳೂ ಇವೆ, ಮತ್ತು ಅವು ಸಣ್ಣವಲ್ಲ. ಏರ್‌ಲೈನಿನ ಹುಡುಗ ಬೆಂಗಳೂರು–ದೆಹಲಿ–ಬೆಂಗಳೂರು ಎಂದು ನೇಯುತ್ತಿರುವಾಗ ಚಾರ್ಟರ್‌ನ ಹುಡುಗ ಇವತ್ತು ಬೀದರ್, ನಾಳೆ ಶಿವಮೊಗ್ಗ, ನಾಳಿದ್ದು ಮಾಲ್ಡೀವ್ಸ್. ಯಂತ್ರದ ಸಹಾಯ ಕಡಿಮೆ ಇರುವ ರನ್‌ವೇಗಳಲ್ಲಿ ಕಣ್ಣು, ಕೈ, ಗಡಿಯಾರ ನಂಬಿ ಇಳಿಯುವುದನ್ನು ಆತ ಕಲಿಯುತ್ತಾನೆ. ಗ್ರೌಂಡ್ ಹ್ಯಾಂಡ್ಲಿಂಗ್‌ನಿಂದ ಕಸ್ಟಮ್ಸ್‌ವರೆಗೆ ಏರ್‌ಲೈನಿನಲ್ಲಿ ಹತ್ತು ಇಲಾಖೆ ಮಾಡುವ ಕೆಲಸ ಇವನ ಒಂದು ಫೋನಿನಲ್ಲಿ ನಡೆಯುತ್ತದೆ. ಸಿನಿಮಾ ತಾರೆಯೊಬ್ಬರು ಎರಡು ಅಡಿ ಹಿಂದೆ ಗೊರಕೆ ಹೊಡೆದದ್ದನ್ನು ಕೇಳಿಯೂ ಜೀವಮಾನವಿಡೀ ಯಾರಿಗೂ ಹೇಳಲಾಗದ ಸುಖದುಃಖ ಬೇರೆ.

ಆದರೆ ಸಂಬಳ, ಗಂಟೆ, ಇಡ್ಲಿ, ಗೊರಕೆ ಎಲ್ಲವನ್ನೂ ತಕ್ಕಡಿಗೆ ಹಾಕಿದ ಮೇಲೂ ಮುಳ್ಳು ಆಡುತ್ತಲೇ ಇರುತ್ತದೆ. ಯಾಕೆಂದರೆ ಮೂಲಪ್ರಶ್ನೆ ಬೇರೆ: ಈ ಕಂಪನಿಯಲ್ಲಿ ಪೈಲಟ್ ‘ಆಗಲ್ಲ’ ಎನ್ನಬಹುದೇ? 1937ರ ವಿಮಾನ ನಿಯಮಾವಳಿಯ ಕಾಲದಿಂದಲೂ ವಿಮಾನದ ಸುರಕ್ಷೆಯ ಹೊಣೆ ಕಮಾಂಡರ್‌ನದೇ. ಏರ್‌ಲೈನಿನ ಪೈಲಟ್ ಮುಚ್ಚಿದ ಬಾಗಿಲ ಹಿಂದಿನಿಂದ ಧ್ವನಿವರ್ಧಕದಲ್ಲಿ ‘ಆಗಲ್ಲ’ ಎನ್ನುತ್ತಾನೆ. ಚಾರ್ಟರ್‌ನವನು ಬಾಡಿಗೆ ಕೊಟ್ಟವನ ಮುಖ ನೋಡಿ ಹೇಳಬೇಕು.

2001ರ ಮಾರ್ಚ್ 29. ಲಾಸ್ ಏಂಜಲೀಸ್‌ನಿಂದ ಕೊಲರಾಡೊ ಬೆಟ್ಟಗಳ ನಡುವಿನ ಆಸ್ಪೆನ್‌ಗೆ ಒಂದು ಬಾಡಿಗೆ ಗಲ್ಫ್‌ಸ್ಟ್ರೀಮ್ ಹೊರಟಿತ್ತು. ಪ್ರಯಾಣಿಕರು ತಡವಾಗಿ ಬಂದದ್ದರಿಂದ ಹೊರಟದ್ದು ಸುಮಾರು 40 ನಿಮಿಷ ತಡ. ಆಸ್ಪೆನ್‌ನಲ್ಲಿ ಅಂದು ಇಳಿಯಲು ಸಂಜೆ 6.58ರ ಗಡುವು. ಅದು ಮೀರಿದರೆ ಬೇರೆ ನಿಲ್ದಾಣಕ್ಕೆ ಹೋಗಬೇಕಾದೀತು ಎಂದದ್ದಕ್ಕೆ ಗಿರಾಕಿಗೆ ಸಿಟ್ಟು ಬಂದಿತ್ತು. ಕೊನೆಯ ಹಂತದಲ್ಲಿ ಕಾಕ್‌ಪಿಟ್‌ನ ಹೆಚ್ಚುವರಿ ಸೀಟಿನಲ್ಲಿ ಪ್ರಯಾಣಿಕನೊಬ್ಬ ಬಂದು ಕೂತಿದ್ದ. ಹಿಮ ಬೀಳುತ್ತಿತ್ತು, ಕತ್ತಲಾಗಿತ್ತು. ರನ್‌ವೇ ಸರಿಯಾಗಿ ಕಾಣದೆಯೇ ವಿಮಾನ ಮಿತಿಗಿಂತ ಕೆಳಗಿಳಿದು ಬೆಟ್ಟಕ್ಕೆ ಅಪ್ಪಳಿಸಿತು. ಹದಿನೆಂಟು ಜನರಲ್ಲಿ ಯಾರೂ ಉಳಿಯಲಿಲ್ಲ. ಅಮೆರಿಕದ ಸಾರಿಗೆ ಸುರಕ್ಷಾ ಮಂಡಳಿ ತಪ್ಪನ್ನು ಪೈಲಟ್‌ಗಳ ಮೇಲೇ ಹೊರಿಸಿತು. ಆದರೆ ಪೂರಕ ಕಾರಣಗಳ ಪಟ್ಟಿಯಲ್ಲಿ ಗಿರಾಕಿಯಿಂದ ಕ್ಯಾಪ್ಟನ್ ಮೇಲೆ ಬಿದ್ದ ಒತ್ತಡವನ್ನೂ ಸ್ಪಷ್ಟವಾಗಿ ಬರೆಯಿತು.

ನಮ್ಮಲ್ಲಿ ಈ ಒತ್ತಡಕ್ಕೆ ಚುನಾವಣೆ ಎಂಬ ಋತು ಇದೆ. ಒಂದೇ ದಿನ ಐದು ಊರು, ಐದು ಭಾಷಣ, ಪ್ರತಿಯೊಂದೂ ಅರ್ಧ ಗಂಟೆ ತಡ, ಸೂರ್ಯನೊಬ್ಬನೇ ಸಮಯಕ್ಕೆ ಸರಿಯಾಗಿ. 2001ರಲ್ಲಿ ಕಾನ್ಪುರದ ಸಭೆಗೆ ಹೊರಟಿದ್ದ ಮಾಧವರಾವ್ ಸಿಂಧಿಯಾ, 2004ರ ಏಪ್ರಿಲ್ 17ರಂದು ಜಕ್ಕೂರಿನಿಂದ ಕರೀಂನಗರದ ಪ್ರಚಾರಕ್ಕೆ ಹೊರಟಿದ್ದ ನಟಿ ಸೌಂದರ್ಯ ಇಬ್ಬರೂ ಸಣ್ಣ ವಿಮಾನಗಳಲ್ಲಿ ತೀರಿಕೊಂಡರು. ಈ ಒಂದು ಪ್ಯಾರಾಕ್ಕೆ ಟೀಕೆ ಟಿಪ್ಪಣಿ ಬೇಡ.

ಬದಲಿಗೆ ಬೇರೊಂದು ದೃಷ್ಟಾಂತ. 2023ರ ಮಾರ್ಚ್ 6, ಕಲಬುರಗಿ ಜಿಲ್ಲೆಯ ಜೇವರ್ಗಿ. ಯಡಿಯೂರಪ್ಪನವರನ್ನು ಹೊತ್ತ ಹೆಲಿಕಾಪ್ಟರ್ ಇನ್ನೇನು ನೆಲ ಮುಟ್ಟಬೇಕು; ಹೆಲಿಪ್ಯಾಡ್ ಸುತ್ತ ಬಿದ್ದಿದ್ದ ಪ್ಲಾಸ್ಟಿಕ್ ಹಾಳೆ, ಚೀಲಗಳೆಲ್ಲ ರೆಕ್ಕೆಯ ಗಾಳಿಗೆ ಧೂಳಿನೊಂದಿಗೆ ಎದ್ದು ಸುತ್ತತೊಡಗಿದವು. ಕೆಳಗೆ ಕಾರ್ಯಕರ್ತರು, ಪೊಲೀಸರು, ಕ್ಯಾಮೆರಾಗಳು. ಪೈಲಟ್ ಇಳಿಸಲಿಲ್ಲ. ಮೇಲೆತ್ತಿದ. ಕೆಳಗಿದ್ದವರು ಓಡಾಡಿ ಕಸ ಬಳಿದರು, ಆಮೇಲೆ ಇಳಿಸಿದ. ಹೆಲಿಕಾಪ್ಟರ್ ಜೆಟ್ ಅಲ್ಲ ಎಂದು ಆಕ್ಷೇಪಿಸುವ ಪಂಡಿತರಿಗೆ ಇಷ್ಟೇ ಸಮಾಧಾನ: ಮುಖ್ಯಮಂತ್ರಿಯಾಗಿದ್ದವರನ್ನು ಗಾಳಿಯಲ್ಲಿ ಕಾಯಿಸಿ ನೆಲ ಗುಡಿಸಲು ಹಚ್ಚುವ ಅಧಿಕಾರ ಆ ಹೊತ್ತಿಗೆ ಕಾಕ್‌ಪಿಟ್‌ನಲ್ಲಿದ್ದವನೊಬ್ಬನಿಗೇ ಇತ್ತು, ಮತ್ತು ಆತ ಅದನ್ನು ಬಳಸಿದ.

ಆದ್ದರಿಂದ ಅಭ್ಯರ್ಥಿ ಸಂದರ್ಶನಕ್ಕೆ ಹೋದಾಗ ಸಂಬಳ ಕೇಳುವ ಮೊದಲು ಎರಡು ಕೆಲಸ ಮಾಡಬೇಕೆಂದು ಈ ಪ್ರಬಂಧದ ವಿಧಿ. ಒಂದು, ವಿಮಾನದ ಟೆಕ್ ಲಾಗ್ ತೋರಿಸಿ ಎನ್ನುವುದು. ಪುಟಪುಟದಲ್ಲೂ ಸಣ್ಣಪುಟ್ಟ ದೋಷ ಬರೆದಿದ್ದರೆ ಹೆದರಬೇಕಿಲ್ಲ, ಅಲ್ಲಿನ ಪೈಲಟ್‌ಗಳು ಬರೆಯುತ್ತಾರೆ ಎಂದಾಯಿತು. ಹಳೆಯ ವಿಮಾನದ ಲಾಗ್ ತಿಂಗಳುಗಟ್ಟಲೆ ಮಲ್ಲಿಗೆಯಷ್ಟು ಬೆಳ್ಳಗಿದ್ದರೆ ಹೆದರಬೇಕು. ಎರಡು, ‘ಇಲ್ಲಿ ಕೊನೇ ಸಲ ಪೈಲಟ್ ಆಗಲ್ಲ ಅಂದಾಗ ಏನಾಯ್ತು ಸಾರ್?’ ಎಂದು ಕೇಳಿ ಸುಮ್ಮನಾಗುವುದು. ‘ಗಿರಾಕಿ ಕೂಗಾಡಿದ, ದುಡ್ಡು ವಾಪಸ್ ಕೊಟ್ವಿ, ಪೈಲಟ್ ಅಲ್ಲೇ ಇದಾನೆ ನೋಡಿ, ಟೀ ಕುಡೀತಿದಾನೆ’ ಎಂಬ ಉತ್ತರ ಉತ್ತಮ. ‘ಅವರು ಈಗ ನಮ್ಮಲ್ಲಿಲ್ಲ’ ಎಂಬುದು ಅಧಮ. ‘ನಮ್ಮ ಪೈಲಟ್‌ಗಳು ಹಾಗೆಲ್ಲ ಅನ್ನೋದೇ ಇಲ್ಲ’ ಎಂದು ಮ್ಯಾನೇಜರ್ ಹೆಮ್ಮೆಯಿಂದ ಎದೆ ಉಬ್ಬಿಸಿದರೆ ಅಭ್ಯರ್ಥಿ ಕಾಫಿ ಮುಗಿಸಿ, ವಂದನೆ ಹೇಳಿ, ಸರ್ಟಿಫಿಕೇಟುಗಳ ಮೂಲಪ್ರತಿ ಮರೆಯದೆ ವಾಪಸ್ ತೆಗೆದುಕೊಂಡು ಹೊರಡತಕ್ಕದ್ದು. ದೊಡ್ಡಪ್ಪನಿಗೆ ಏನು ಹೇಳಬೇಕೆಂಬುದು ಈ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ.