ರಿಫರ್ಬಿಶ್ಡ್ ಜಿಪಿಎಸ್ ವಾಚಿನ ಖರೀದಿ: ಒಂದು ಬಹುಶಿಸ್ತೀಯ ಅನುಸಂಧಾನ

1.0 ಪ್ರಸ್ತಾವನೆ

ಓಡುವ ದೇಹ ಮತ್ತು ಅಳೆಯುವ ಯಂತ್ರಗಳ ಮುಖಾಮುಖಿಯಲ್ಲಿ ಗ್ರಾಹಕನು ತನ್ನ ಅಸ್ಮಿತೆಯನ್ನು ಕಟ್ಟಿಕೊಳ್ಳುತ್ತಿರುವ ಈ ಸಂಕ್ರಮಣ ಕಾಲಘಟ್ಟದಲ್ಲಿ, ಬೇರೆಯವರು ಕಟ್ಟಿ ಬಿಟ್ಟ ವಾಚನ್ನು ಅರ್ಧ ಬೆಲೆಗೆ ಕೊಳ್ಳಬೇಕೋ ಬೇಡವೋ ಎಂಬುದು ಕೇವಲ ಆರ್ಥಿಕ ಪ್ರಶ್ನೆಯಾಗಿ ಉಳಿದಿಲ್ಲ. ಅದೊಂದು ಸಾಂಸ್ಕೃತಿಕ ಪಠ್ಯ. ಸದರಿ ಪಠ್ಯವನ್ನು ಅದರ ಎಲ್ಲ ನೆಲೆಗಳಲ್ಲಿ, ಆಯಾಮಗಳಲ್ಲಿ, ಮಗ್ಗುಲುಗಳಲ್ಲಿ ಹಾಗೂ ಪುಟ ಸಾಲದಿದ್ದಲ್ಲಿ ಮಜಲುಗಳಲ್ಲಿ ಶೋಧಿಸುವುದು ಪ್ರಸ್ತುತ ಪ್ರಬಂಧದ ವಿನಮ್ರ ಪ್ರಯತ್ನ. ಈ ಕ್ಷೇತ್ರದಲ್ಲಿ ಗಂಭೀರ ಅಧ್ಯಯನ ನಡೆಯದಿರುವುದು ವಿಷಾದನೀಯ. ನಡೆದಿದ್ದರೆ ಸಂಶೋಧಕನು ಅದನ್ನೇ ಇಳಿಸಿಕೊಂಡು ಕೈತೊಳೆದುಕೊಳ್ಳುತ್ತಿದ್ದನು.

1.1 ವ್ಯಾಪ್ತಿ ಮತ್ತು ಮಿತಿ

ವ್ಯಾಪ್ತಿ: ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳಿಂದ ಬೆಂಗಳೂರಿನ ಎಸ್.ಪಿ. ರಸ್ತೆಯವರೆಗೆ. ಮಿತಿ: ಸಂಶೋಧಕನ ಜೇಬು.

1.2 ಸ್ಥಳದ ರಾಜಕಾರಣ

ಸ್ಥಳವೆಂಬುದು ಪ್ರಭುತ್ವದ ನಿರ್ಮಿತಿ. ಇದನ್ನು ಒಪ್ಪದವರು 2000ದ ಮೇ ತಿಂಗಳನ್ನು ನೆನೆಯಬೇಕು. ಅಲ್ಲಿಯವರೆಗೆ ಅಮೆರಿಕದ ಸರ್ಕಾರ ನಾಗರಿಕರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸಿ ಕೊಡುತ್ತಿತ್ತು. ನಿಂತ ಜಾಗ ನೂರು ಮೀಟರಿನಷ್ಟು ಆಚೀಚೆ ತೋರಿಸುತ್ತಿತ್ತು. ಆಗ ಕಬ್ಬನ್ ಪಾರ್ಕಿನಲ್ಲಿ ಓಡಿದವನು ದಾಖಲೆಯ ಪ್ರಕಾರ ಹೈಕೋರ್ಟಿನೊಳಗೆ ಓಡಿರಲು ಸಾಧ್ಯವಿತ್ತು. ಕ್ಲಿಂಟನ್ ಆಜ್ಞೆಯಿಂದ ಆ ಕಿತಾಪತಿ ನಿಂತಿತು. ಆದರೆ ಮರದ ಕೊಂಬೆ, ಎತ್ತರದ ಕಟ್ಟಡಗಳ ಯಜಮಾನಿಕೆ ಮುಂದುವರಿದಿದೆ. ಕಂಠೀರವ ಕ್ರೀಡಾಂಗಣದ 400 ಮೀಟರ್ ಟ್ರ್ಯಾಕಿನ ಒಳ ಲೇನಿನಲ್ಲೇ ಸುತ್ತಿದರೂ ಹಳೆಯ ವಾಚು ಸುತ್ತಿಗೊಂದು ಅಂಕಿ ಕೊಡಬಹುದು. ಇದನ್ನು ಓಟಗಾರರು ತಪ್ಪು ಲೆಕ್ಕ ಎನ್ನುತ್ತಾರೆ; ನಮ್ಮ ವಲಯದಲ್ಲಿ ಬಹುತ್ವ ಎನ್ನುವುದು ವಾಡಿಕೆ. ಎರಡು ತರಂಗಾಂತರಗಳನ್ನು ಹಿಡಿಯುವ ಈಚಿನ ವಾಚುಗಳಲ್ಲಿ ಈ ಬಹುತ್ವ ಸಾಕಷ್ಟು ಕ್ಷೀಣಿಸಿದೆ.

2.0 ಪ್ರಭೇದಗಳು

ಮಾರುಕಟ್ಟೆಯ ಸಂಕಥನದಲ್ಲಿ ಹಳೆಯ ವಾಚು ಐದು ಪ್ರಭೇದಗಳಾಗಿ ಪ್ರಕಟಗೊಳ್ಳುತ್ತದೆ.

(ಅ) ಓಪನ್ ಬಾಕ್ಸ್: ಯಾರೋ ತರಿಸಿ, ಮಣಿಕಟ್ಟಿಗೆ ದೊಡ್ಡದಾಯಿತೆಂದು ವಾಪಸು ಕಳಿಸಿದ್ದು.

(ಆ) ತಯಾರಕರೇ ಪರೀಕ್ಷಿಸಿ, ಕೆಟ್ಟ ಭಾಗ ಬದಲಿಸಿ, ವಾರಂಟಿ ಸಮೇತ ಮಾರುವುದು.

(ಇ) ಅಂಗಡಿಯವರು ಬಟ್ಟೆಯಲ್ಲಿ ಒರೆಸಿ, ಪಟ್ಟಿ ಬದಲಿಸಿ, ‘ಎ ಗ್ರೇಡ್’ ಎಂದು ಚೀಟಿ ಅಂಟಿಸಿದ್ದು.

(ಈ) ಮತ್ತು (ಉ) ಬರೆಯಲು ಕೂತಾಗ ಇದ್ದವು. ವಿಚಾರಿಸಿ ನೋಡಿದರೆ ಅವೂ (ಇ)ಯೇ, ಚೀಟಿಯ ಬಣ್ಣ ಬೇರೆ. ವರ್ಗೀಕರಣವನ್ನು ಇಲ್ಲಿಗೆ ಕೈಬಿಡಲಾಗಿದೆ.

ಕ್ಷೇತ್ರಕಾರ್ಯದ ಅಂಗವಾಗಿ ಸಂಶೋಧಕನು ಅಂಗಡಿಯೊಂದಕ್ಕೆ ಹೋಗಿ (ಇ) ಪ್ರಭೇದದ ಒಂದು ಮಾದರಿಯನ್ನು ಕೈಯಲ್ಲಿ ಹಿಡಿದು ಪರಿಶೀಲಿಸಿದನು. ಮುಖ ಫಳಫಳ. ಮಗುಚಿದರೆ ಚಾರ್ಜಿಂಗ್ ಪಿನ್ನುಗಳ ಸುತ್ತ ಹಸಿರುಗಟ್ಟಿದ ಕಲೆ. ಪಕ್ಕದಲ್ಲಿ ಗಾಳಿಯೊತ್ತಡ ಅಳೆಯುವ ಸಣ್ಣ ತೂತುಗಳಿವೆಯಲ್ಲ, ಅವುಗಳಲ್ಲಿ ಬಿಳಿ ಉಪ್ಪು: ಹಿಂದಿನವರ ಬೆವರು. ಆನ್ ಮಾಡಿದರೆ ಅವರ ಖಾತೆಯನ್ನೂ ಅಳಿಸಿರಲಿಲ್ಲ. ನೀವು ಈ ವಾರ ಓಡಿಲ್ಲ ಎಂದು ವಾಚು ಯಾರನ್ನೋ ಇನ್ನೂ ಮೂದಲಿಸುತ್ತಲೇ ಇತ್ತು. ಸಂದರ್ಶನದ ಪೂರ್ಣಪಾಠ:

“ಬ್ಯಾಟರಿ ಹೊಸದು ಹಾಕಿದೀರಾ?”

“ಪೀಸ್ ನೋಡಿ ಸಾರ್, ಒಂದು ಸ್ಕ್ರ್ಯಾಚ್ ಇಲ್ಲ.”

“ಬ್ಯಾಟರಿ?”

“ಸರ್ಟಿಫೈಡ್ ಸಾರ್ ಇದು.”

“ಯಾರು ಸರ್ಟಿಫೈ ಮಾಡಿದ್ದು?”

“ನಾವೇ ಸಾರ್.”

ಇಡೀ ವಿಷಯ ಇರುವುದು ಆ ಉತ್ತರ ಸಿಗದ ಪ್ರಶ್ನೆಯಲ್ಲಿ. ಲಿಥಿಯಮ್ ಬ್ಯಾಟರಿ ಬಳಸಿದರೂ ಸವೆಯುತ್ತದೆ, ಡಬ್ಬಿಯಲ್ಲಿ ಇಟ್ಟರೂ ಸವೆಯುತ್ತದೆ. ಕೆಲವು ನೂರು ಸಲ ಚಾರ್ಜಾದ ಮೇಲೆ ಮೊದಲಿದ್ದ ಶಕ್ತಿಯ ಐದನೆಯ ಒಂದು ಭಾಗ ಹೋಗಿರುವುದು ಮಾಮೂಲು. ಬರೀ ಗಂಟೆ ನೋಡಲು ಅಷ್ಟು ಸಾಕು. ಆದರೆ ಜಿಪಿಎಸ್ ಹಾಕಿದ ಕೂಡಲೇ ಖರ್ಚು ಹಲವು ಪಟ್ಟು. ಮ್ಯಾರಥಾನ್ ಎಂದರೆ 42.195 ಕಿ.ಮೀ.; ನಮ್ಮಂಥ ನಡುವಯಸ್ಸಿನವರಿಗೆ ಐದು ಗಂಟೆಯ ಕೆಲಸ. ನಾಲ್ಕನೇ ಗಂಟೆಗೆ ವಾಚು ಕಣ್ಣು ಮುಚ್ಚಿದರೆ ಉಳಿದದ್ದನ್ನು ಯಾರ ಲೆಕ್ಕಕ್ಕೆ ಬರೆಯುವುದು? ಫೋನಿನಲ್ಲಿ ಬ್ಯಾಟರಿಯ ಆರೋಗ್ಯ ತೋರಿಸುವ ಪುಟವಾದರೂ ಇರುತ್ತದೆ. ಹೆಚ್ಚಿನ ಓಟದ ವಾಚುಗಳಲ್ಲಿ ಅದೂ ಇಲ್ಲ.

ಹೊಸ ಬ್ಯಾಟರಿ ಹಾಕಿದ್ದರೂ ಪೂರ್ತಿ ನೆಮ್ಮದಿಯಿಲ್ಲ. 5 ಎಟಿಎಂ ಎಂಬ ಬರಹ ಐವತ್ತು ಮೀಟರು ನೀರಿನ ಒತ್ತಡದ ಮಾತು, ಅದೂ ಕಾರ್ಖಾನೆಯಿಂದ ಬಂದ ಹೊಸ ವಾಚಿಗೆ. ಹಿಂಬದಿ ಬಿಚ್ಚಿದ ಮೇಲೆ ಒಳಗಿನ ರಬ್ಬರ್ ಸೀಲು ಸರಿಯಾಗಿ ಕೂರಬೇಕು, ಮತ್ತೆ ಒತ್ತಡದಲ್ಲಿಟ್ಟು ನೋಡಬೇಕು. ಬಿಚ್ಚದಿದ್ದರೆ ಬ್ಯಾಟರಿ ಹಳತು, ಬಿಚ್ಚಿದರೆ ಸೀಲಿನ ಭಯ. ಇದನ್ನು ದ್ವಂದ್ವಾತ್ಮಕ ಭೌತವಾದವೆಂದು ಕರೆದು ಇನ್ನೊಂದು ಅಧ್ಯಾಯ ಬೆಳೆಸಬಹುದಿತ್ತು. ಮನಸ್ಸಿಲ್ಲ.

ಯಾಕೆಂದರೆ ಈ ಭಾಷೆ ನನ್ನದಲ್ಲ. ಎರಡು ದಿನದ ರಾಷ್ಟ್ರೀಯ ವಿಚಾರಸಂಕಿರಣವೊಂದರಲ್ಲಿ ಕೂತು ಕಿವಿಗೆ ಹತ್ತಿಸಿಕೊಂಡದ್ದು. ಅಲ್ಲಿ ಹಿರಿಯರೊಬ್ಬರು ಎಂದೋ ಕುವೆಂಪು ಮೇಲೆ ಬರೆದ ಪ್ರಬಂಧವನ್ನು ಕಾರಂತರ ಹೆಸರು ಹಾಕಿ ಓದಿದರು. ಒಂದು ಕಡೆ ಬದಲಿಸಲು ಮರೆತಿದ್ದರು. ಚೋಮನ ದುಡಿಯ ಮಧ್ಯೆ ಕಾನೂರಿನ ಹೂವಯ್ಯ ಬಂದು ನಿಂತ. ಸಭೆಯಲ್ಲಿ ಯಾರೂ ನಗಲಿಲ್ಲ. ನೆಲೆ, ಆಯಾಮ, ಅನುಸಂಧಾನಗಳ ಪಾಲಿಶು ಅಷ್ಟು ಚೆನ್ನಾಗಿತ್ತು. 2010ರಲ್ಲಿ ಅಧ್ಯಾಪಕರಿಗೆ ಯುಜಿಸಿಯ ಅಂಕಪದ್ಧತಿ ಬಂದ ಮೇಲೆ ಸರ್ಟಿಫಿಕೇಟಿಗೂ ಅಂಕ, ಐಎಸ್‌ಬಿಎನ್ ಇರುವ ಸಂಕಲನಕ್ಕೂ ಅಂಕ. ಆ ಅಂಕಕ್ಕಾಗಿ ಹಿಂದಿನ ಸಾಲಿನಲ್ಲಿ ಕೂತಿದ್ದವರು ಅತಿಥಿ ಉಪನ್ಯಾಸಕರು. ರಜೆಯ ತಿಂಗಳುಗಳಲ್ಲಿ ಕೈಗೆ ಸಂಬಳವಿಲ್ಲದ ಹುಡುಗ ಹುಡುಗಿಯರು. ನೋಂದಣಿಗೆ ದುಡ್ಡು ಕೊಟ್ಟು, ಪ್ರಬಂಧ ಅಚ್ಚಾಗಲು ಮತ್ತೆ ದುಡ್ಡು ಕೊಟ್ಟು, ಐದು ನಿಮಿಷ ಓದಲು ಸಂಜೆಯವರೆಗೆ ಕಾದು, ಕೊನೆಗೆ ‘ಸಮಯದ ಅಭಾವ’ ಎಂದು ಬರೀ ಸರ್ಟಿಫಿಕೇಟು ಹಿಡಿದು ರಾತ್ರಿ ಬಸ್ಸಿಗೆ ಓಡಿದರು. ಅಂಗಡಿಯವನು ರಿಫರ್ಬಿಶ್ಡ್ ಎಂದು ಡಬ್ಬಿಯ ಮೇಲಾದರೂ ಬರೆಯುತ್ತಾನೆ!

ಸವೆದದ್ದನ್ನು ಸವೆದಿದೆ ಎಂದು ಹೇಳುವುದು ಅಷ್ಟು ಕಷ್ಟವೇನಲ್ಲ. ಜಿಪಿಎಸ್‌ನಂಥ ನಮ್ಮದೇ ನಾವಿಕ್ ಸರಣಿಯ ಮೊದಲ ಉಪಗ್ರಹ ಐಆರ್‌ಎನ್‌ಎಸ್‌ಎಸ್-1ಎ ಹಾರಿದ್ದು 2013ರ ಜುಲೈಯಲ್ಲಿ. ನಾಲ್ಕು ವರ್ಷ ತುಂಬುವ ಮೊದಲೇ ಅದರ ಮೂರೂ ಪರಮಾಣು ಗಡಿಯಾರಗಳು ಕೈಕೊಟ್ಟವು. 2017ರ ಜನವರಿಯಲ್ಲಿ ಇಸ್ರೋ ಅದನ್ನು ಬಹಿರಂಗವಾಗಿ ಹೇಳಿತು. ಬದಲಿಗೆ ಕಳಿಸಿದ ಮೊದಲ ಉಪಗ್ರಹ ಆ ಆಗಸ್ಟಿನಲ್ಲಿ ಶಾಖಕವಚ ಕಳಚದೆ ಹಾಳಾಯಿತು, ಅದನ್ನೂ ಹೇಳಿತು. ಮರುವರ್ಷ ಏಪ್ರಿಲಿನಲ್ಲಿ ಇನ್ನೊಂದನ್ನು ಕಳಿಸಿತು. ‘ಎ ಗ್ರೇಡ್’ ಎನ್ನಲಿಲ್ಲ.

ಹಾಗೆಂದು ಹಳೆಯ ಕಾಲವೆಲ್ಲ ಸಾಚಾ ಎಂದು ನಾನು ಹೇಳುತ್ತಿಲ್ಲ. 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿಯ ವಾಚುಗಳಿಗೆ ಈಗ ಡಯಲಿಗೆ ಹೊಸ ಬಣ್ಣ ಬಳಿದು ಮಾರುವ ದಂಧೆಯೇ ಇದೆ. ಸಂಗ್ರಾಹಕರು ಅವನ್ನು ‘ಮುಂಬೈ ಸ್ಪೆಷಲ್’ ಎಂದು ಗೇಲಿ ಮಾಡುತ್ತಾರೆ. ಆದರೆ ಕೀಲಿ ಕೊಡುವ ಜನತಾ ವಾಚನ್ನು ಬಸ್‌ಸ್ಟಾಂಡಿನ ಪಕ್ಕದ ಗೂಡಂಗಡಿಯವನೂ ಬಿಚ್ಚಿ, ಎಣ್ಣೆ ಬಿಟ್ಟು, ಇಷ್ಟು ಸವೆದಿದೆ ಸ್ವಾಮಿ ಎಂದು ತೋರಿಸುತ್ತಿದ್ದ. ಇಂದಿನ ವಾಚಿನಲ್ಲಿ ಪರದೆ ಚೆನ್ನಾಗಿರುತ್ತದೆ, ಜಿಪಿಎಸ್ ಚೆನ್ನಾಗಿರುತ್ತದೆ, ಕೆಳಗಿನ ಹಸಿರು ದೀಪ ನಾಡಿ ಎಣಿಸುತ್ತಲೇ ಇರುತ್ತದೆ. ಹೆಬ್ಬೆರಳಿನುಗುರಿನಷ್ಟು ಬ್ಯಾಟರಿ ಸತ್ತಿತೆಂದು ಇಡೀ ವಾಚು ಕಸ. ಬಿಚ್ಚಲು ಬಾರದಂತೆ ಅಂಟು ಹಾಕಿ ಮುಚ್ಚಿದವರು ಅದನ್ನು ವಿನ್ಯಾಸ ಎನ್ನುತ್ತಾರೆ. 2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಪೋರ್ಟಲ್ ತೆರೆದಿದೆ. ಪೋರ್ಟಲ್ಲಿನಿಂದ ಅಂಟು ಕರಗುವುದಿಲ್ಲ.

3.0 ಫಲಿತಗಳು

ತಯಾರಕರೇ ಸಿದ್ಧಪಡಿಸಿ ಕೊಟ್ಟ ವಾಚಾಗಿದ್ದು, ಬಿಲ್ಲಿನಲ್ಲಿ ವಾರಂಟಿಯ ಅವಧಿ ಬರೆದಿದ್ದರೆ ಧೈರ್ಯವಾಗಿ ಕೊಳ್ಳಿ. ಉಳಿದವರ ಬಳಿಯಾದರೆ ಬ್ಯಾಟರಿ ಬದಲಿಸಿದ್ದೇವೆ ಎಂದು ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಬರೆಯಲು ಹಿಂಜರಿದರೆ ಎದ್ದು ಬನ್ನಿ. ಈಜುವವರು ಬಿಚ್ಚಿ ಮುಚ್ಚಿದ ವಾಚಿನ ಗೋಜಿಗೇ ಹೋಗಬೇಡಿ. ಹಳೆಯ ಯಜಮಾನರ ಖಾತೆಯನ್ನು ಕಣ್ಣೆದುರೇ ತೆಗೆಸಿ, ನಿಮ್ಮ ಫೋನಿಗೆ ಜೋಡಿಸಿ, ಆಕಾಶ ಕಾಣುವ ಕಡೆ ಜಿಪಿಎಸ್ ಹಾಕಿ ಅರ್ಧ ಗಂಟೆ ನಡೆಯಿರಿ. ಚಾರ್ಜು ಎಷ್ಟು ಇಳಿಯಿತೆಂದು ನೋಡಿ, ಆಮೇಲೆ ದುಡ್ಡು ಕೊಡಿ.