ಬಿಗಿಮೀಮಾಂಸೆ

ಶಾಸ್ತ್ರಗ್ರಂಥ ಯಾವುದೇ ಆಗಲಿ, ಆರಂಭದಲ್ಲೇ ಅನುಬಂಧ ಚತುಷ್ಟಯವನ್ನು ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಹೇಳುತ್ತೇವೆ. ವಿಷಯ: ಮನೆಯಲ್ಲೇ ಮರ ಕೊಯ್ದು ಮಾಡಿಕೊಂಡ 4×5 ಇಂಚಿನ ಕ್ಯಾಮೆರಾದ ಬಿಗಿನಾಬು. ಪ್ರಯೋಜನ: ಅಲುಗಾಡದಿರುವುದು. ಸಂಬಂಧ: ನಾಬಿಗೂ ಬೋಲ್ಟಿಗೂ ಇರುವಂಥದು, ಅಂಟು ಬಿಡುವ ತನಕ. ಇನ್ನು ಅಧಿಕಾರಿ. ಜೇಬಿನಲ್ಲಿ ಫೋನ್ ಇದ್ದೂ, ಅದರ ಹತ್ತು ಪಟ್ಟು ತೂಗುವ, ಹಾಳೆಗೆ ಒಂದೇ ಚಿತ್ರ ತೆಗೆಯುವ, ಅದನ್ನೂ ತಲೆಕೆಳಗಾಗಿ ತೋರಿಸುವ ಪೆಟ್ಟಿಗೆಯನ್ನು ಕಟ್ಟಲು ಹೊರಟವನೇ ಅಧಿಕಾರಿ. ಶಮದಮಾದಿಗಳು ಅವನಿಗೆ ಕಡ್ಡಾಯವಲ್ಲ. ತಿತಿಕ್ಷೆಯೊಂದು ಬೇಕು, ಅದೂ ಅವನ ಮನೆಯವರಿಗೆ ಇದ್ದರೆ ಸಾಕು.

ಕ್ಯಾಮೆರಾ ಎಂದರೆ ಲೆನ್ಸು ಎಂದು ಪಾಮರರು ತಿಳಿದಿದ್ದಾರೆ. ಪರಿಶೀಲಿಸೋಣ. ಮುಂದೊಂದು ಚೌಕಟ್ಟು, ಅದರಲ್ಲಿ ಲೆನ್ಸು, ಹಿಂದೊಂದು ಚೌಕಟ್ಟು, ಅದರಲ್ಲಿ ಮಸುಕು ಗಾಜು, ನಡುವೆ ತಿದಿ. ಲೆನ್ಸು ಕೊಂಡದ್ದು, ಗಾಜು ಕೊಂಡದ್ದು, ಫಿಲ್ಮಂತೂ ಸಾಲ ಮಾಡಿ ಕೊಂಡದ್ದು. ಚೌಕಟ್ಟುಗಳು ಏರುತ್ತವೆ, ಇಳಿಯುತ್ತವೆ, ಬಾಗುತ್ತವೆ, ತಿರುಗುತ್ತವೆ. ಇದು ಜಡವಸ್ತುವಿನ ಸ್ವಭಾವ, ಇದರಲ್ಲಿ ಕರ್ತೃವಿನ ಹೆಚ್ಚುಗಾರಿಕೆ ಏನೂ ಇಲ್ಲ. ಏರಿದ್ದು ಏರಿದಲ್ಲೇ ನಿಲ್ಲುವುದು ಮಾತ್ರ ಅವನ ಸಾಧನೆ. ಆದ್ದರಿಂದ ನಾಬೇ ಕ್ಯಾಮೆರಾ, ಮಿಕ್ಕದ್ದು ಪರಿಕರ.

ಇದಕ್ಕೆ ಐತಿಹಾಸಿಕ ಪ್ರಮಾಣ ಬೇಕೆನ್ನುವವರು ಹಂಪಿಯನ್ನು ನೋಡಲಿ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಕಂಪನಿ ಸೇನೆಯ ಅಧಿಕಾರಿ ದೊಡ್ಡ ಕ್ಯಾಮೆರಾ ಇಟ್ಟು, ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಅಲ್ಲಿನ ಕಟ್ಟಡಗಳನ್ನೂ ಕಲ್ಲಿನ ರಥವನ್ನೂ ಸೆರೆಹಿಡಿದ. ಕಾಗದದ ನೆಗೆಟಿವ್‌ಗೆ ನಿಮಿಷಗಟ್ಟಲೆ ಬೆಳಕು ಕೊಡಬೇಕು. ಅಷ್ಟು ಹೊತ್ತೂ ಕಲ್ಲಿನ ರಥ ಅಲುಗಲಿಲ್ಲ. ಕಲ್ಲಾದ್ದರಿಂದ ಅದನ್ನು ಹೊಗಳಬೇಕಾಗಿಲ್ಲ. ಕ್ಯಾಮೆರಾವೂ ಅಲುಗಲಿಲ್ಲ, ಅದು ಗಮನಾರ್ಹ. ರಥದ ಚಿತ್ರದಲ್ಲಿ ಅದರ ಮೇಲೊಂದು ಇಟ್ಟಿಗೆಯ ಗೋಪುರವಿದೆ. ಇಂದು ಹಂಪಿಗೆ ಹೋದವರಿಗೆ ಅದು ಕಾಣಿಸದು. ಗೋಪುರ ಹೋಯಿತು, ಫೋಕಸ್ ಉಳಿಯಿತು. ವಿದ್ವಾಂಸರು ಈ ಚಿತ್ರಗಳನ್ನು ಮುಂದಿಟ್ಟುಕೊಂಡು ವಾಸ್ತುಶಿಲ್ಪ ಚರ್ಚಿಸುತ್ತಾರೆ. ಬಿಗಿಶಾಸ್ತ್ರದ ದೃಷ್ಟಿಯಿಂದ ಅದು ವಿಷಯಾಂತರ.

ಈಗ ಮತಭೇದಗಳಿಗೆ ಬರೋಣ. ದ್ವೈತಿಗಳ ಪ್ರಕಾರ ಮುಂಚೌಕಟ್ಟಿನ ಚಲನೆ ಐದು: ಏರಿಳಿತ, ಅಡ್ಡಸರಿತ, ಬಾಗು, ತಿರುವು, ಫೋಕಸ್ಸಿನ ಮುಂದುಹಿಂದು. ಈ ಪಂಚಭೇದ ಸತ್ಯ, ನಿತ್ಯ; ಪ್ರತಿಯೊಂದಕ್ಕೂ ಸ್ವತಂತ್ರ ನಾಬು ಬೇಕು. ನಾಬುಗಳಲ್ಲಿ ತಾರತಮ್ಯವನ್ನೂ ಇವರು ಒಪ್ಪುತ್ತಾರೆ: ಫೋಕಸ್ಸಿನದು ದೊಡ್ಡದು, ಅಡ್ಡಸರಿತದ್ದು ಚಿಕ್ಕದು. ಅದ್ವೈತಿಗಳು ನಗುತ್ತಾರೆ. ಚೌಕಟ್ಟಿನ ಪಕ್ಕದ ಪಟ್ಟಿಯ ಉದ್ದಗಂಡಿಯಲ್ಲಿ ಒಂದೇ ಬೋಲ್ಟು ತೂರಿಸಿದರೆ ಏರಿಳಿತಕ್ಕೂ ಅದೇ, ಬಾಗಿಗೂ ಅದೇ. ಮರದ ಫೀಲ್ಡ್ ಕ್ಯಾಮೆರಾಗಳಲ್ಲಿ ಹಲವು ಈ ಮತದವೇ. ನಾಬು ಸಡಿಲಿಸಿದೊಡನೆ ಏರು ಬೇರೆ, ಬಾಗು ಬೇರೆ ಎಂಬ ಭೇದಬುದ್ಧಿ ಲಯವಾಗುತ್ತದೆ. ಲೆನ್ಸೂ ಆಗಲೇ ಮುಗ್ಗರಿಸಿ ಬೀಳುತ್ತದೆ, ಆದರೆ ಬೀಳುವುದು ವ್ಯಾವಹಾರಿಕ ಸತ್ತೆಯಲ್ಲಿ ಮಾತ್ರ ಎಂದು ಅವರ ಸಮಾಧಾನ. ವಿಶಿಷ್ಟಾದ್ವೈತಿಗಳು ಒಂದೇ ಬೋಲ್ಟಿನ ಮೇಲೆ ಒಳಗೊಂದು ಸನ್ನೆ, ಹೊರಗೊಂದು ನಾಬು ಕೂರಿಸಿ ಶರೀರ–ಶರೀರಿ ಭಾವವನ್ನು ಸಾಧಿಸಿದ್ದಾರೆ. ನಮ್ಮ ನಿರ್ಣಯ: ಏರಿಳಿತ ಮತ್ತು ಬಾಗಿನ ಮಟ್ಟಿಗೆ ದ್ವೈತವೇ ಸರಿ. ಅಡ್ಡಸರಿತ, ತಿರುವು ಎರಡೂ ಅಪರೂಪಕ್ಕೆ ಬಳಕೆಯಾಗುವುದರಿಂದ ಅಲ್ಲಿ ಅದ್ವೈತ ನಡೆದೀತು.

ಬಲದ ಚರ್ಚೆಯನ್ನು ಬೇಗ ಮುಗಿಸಬಹುದು. ತಿರುಚುಬಲವೆಂದರೆ ಸುಮಾರಾಗಿ 0.2 ಗುಣಿಸು ಬೋಲ್ಟಿನ ವ್ಯಾಸ ಗುಣಿಸು ಒತ್ತುಬಲ. ಎಂ6 ಬೋಲ್ಟನ್ನು 1 ನ್ಯೂಟನ್–ಮೀಟರ್‌ನಷ್ಟು ತಿರುಚಿದರೆ ಸುಮಾರು 830 ನ್ಯೂಟನ್, ಅಂದರೆ 85 ಕೆ.ಜಿ. ಭಾರದಷ್ಟು ಒತ್ತುತ್ತದೆ. ಹಿಡಿಯಬೇಕಾದ ಲೆನ್ಸಿನ ತೂಕ ಅರ್ಧ ಕೆ.ಜಿ. ಇಷ್ಟಾದರೂ ನಾಬಿಗೆ ಇಕ್ಕಳ ಹಾಕುವವರಿದ್ದಾರೆ. ಅವರಿಗೆ ಈ ಶಾಸ್ತ್ರದಲ್ಲಿ ಅಧಿಕಾರವಿಲ್ಲ. ಅವರ ಮರವೂ ನಾಬಿನ ಕೆಳಗೆ ಗುಳಿ ಬಿದ್ದು ಅದನ್ನೇ ಹೇಳುತ್ತಿರುತ್ತದೆ.

ನಿಜವಾದ ಸಮಸ್ಯೆ ಬೇರೆ. ನಾಬು ತಿರುಗುತ್ತ ಬಿಗಿಯಾಗುತ್ತದೆ. ಬಿಗಿಯಾಗುತ್ತ ತಾನು ಒತ್ತುವುದನ್ನೂ ತಿರುಗಿಸುತ್ತದೆ. ಸ್ಥಿರತೆಗಾಗಿ ಮಾಡಿದ ಕ್ರಿಯೆಯೇ ಚಲನೆಗೆ ಕಾರಣ ಎಂಬ ಈ ವಿರೋಧಾಭಾಸ ಎಷ್ಟು ಘೋರವೆಂದು ತಿಳಿಯಲು ಆಸ್ಟ್ರಿಯದ ಸೇನೆಯ ಕ್ಯಾಪ್ಟನ್ ಥಿಯೋಡೋರ್ ಶೈಮ್‌ಫ್ಲುಗ್ ಬೇಕಾಗುತ್ತಾನೆ. ಲೆನ್ಸನ್ನು ಬಾಗಿಸಿದರೆ ಸ್ಪಷ್ಟತೆಯ ಸಮತಲವೂ ಓರೆಯಾಗುತ್ತದೆ ಎಂಬ ನಿಯಮಕ್ಕೆ ಅವನ ಹೆಸರಿದೆ. 1904ರ ಅವನ ಪೇಟೆಂಟಿನಲ್ಲಿ ಅದು ಬರುತ್ತದೆ. 150 ಮಿ.ಮೀ. ಲೆನ್ಸನ್ನು ನೆಲದಿಂದ 1.5 ಮೀಟರ್ ಎತ್ತರದಲ್ಲಿಟ್ಟು, ಕಾಲ ಬುಡದಿಂದ ದಿಗಂತದವರೆಗೆ ನೆಲವೆಲ್ಲ ಸ್ಪಷ್ಟವಾಗಿ ಬರಬೇಕೆಂದರೆ 5.7 ಡಿಗ್ರಿ ಬಾಗಿಸಬೇಕು. ಬಿಗಿಯುವಾಗ ಒಂದೇ ಒಂದು ಡಿಗ್ರಿ ಹಿಂದಕ್ಕೆ ಜಾರಿತೆನ್ನಿ. ಆ ಸಮತಲ ನಿಮ್ಮ ಕಾಲ ಬುಡದಲ್ಲಿ ನೆಲದ ಅಡಿಗೆ 30 ಸೆಂ.ಮೀ.ನಷ್ಟು ಇಳಿದುಬಿಡುತ್ತದೆ. ಎರೆಹುಳುಗಳು ಅತ್ಯಂತ ಸ್ಪಷ್ಟ, ಹುಲ್ಲು ಮಸುಕು.

ಪೂರ್ವಪಕ್ಷ: ಗಾಜನ್ನು ನೋಡುತ್ತಲೇ ಬಿಗಿದರೆ ಆಯಿತಲ್ಲ? ಆಗಲಿ. ಬಲಗೈ ಬಲನಾಬಿಗೆ, ಎಡಗೈ ಎಡನಾಬಿಗೆ, ಮೂರನೆಯದು ಭೂತಗನ್ನಡಿಗೆ, ನಾಲ್ಕನೆಯದು ಗಾಳಿಗೆ ಹಾರುವ ಕರಿಬಟ್ಟೆಗೆ. ಚತುರ್ಭುಜರಿಗೆ ಈ ಆಕ್ಷೇಪ ಒಪ್ಪುತ್ತದೆ.

ಸಿದ್ಧಾಂತ: ವಾಷರ್. ಬರೀ ವಾಷರಲ್ಲ, ಬಾಲವಿರುವ ವಾಷರ್. ಅದರ ಬಾಲ ಪಟ್ಟಿಯ ಉದ್ದಗಂಡಿಯೊಳಗೆ ಕೂತಿರಬೇಕು. ಆಗ ನಾಬು ಅದರ ಬೆನ್ನ ಮೇಲೆ ಎಷ್ಟು ಬೇಕಾದರೂ ತಿರುಗಲಿ, ಅದು ತಾನು ತಿರುಗದೆ ಒತ್ತಡವನ್ನಷ್ಟೇ ಒಳಗೆ ದಾಟಿಸುತ್ತದೆ. ನಾಬಿಗೂ ಅದಕ್ಕೂ ನಡುವೆ ತೆಳುವಾದ ನೈಲಾನ್ ಬಿಲ್ಲೆ ಇದ್ದರೆ ಇನ್ನೂ ಮೇಲು. ನೈಲಾನನ್ನು ಮರಕ್ಕೂ ಮರಕ್ಕೂ ನಡುವೆ ಹಾಕಿದವರುಂಟು. ಹಿಡಿದುಕೊಳ್ಳಬೇಕಾದ ಜಾಗದಲ್ಲಿ ಜಾರುವ ವಸ್ತುವನ್ನಿಟ್ಟ ಈ ಪಂಥವನ್ನು ಖಂಡಿಸಲು ಪ್ರತ್ಯೇಕ ಗ್ರಂಥವೇ ಬೇಕು.

ಆಕಾರದ ವಿಚಾರ. ಕರಿಬಟ್ಟೆಯ ಒಳಗೆ ತಲೆ ತೂರಿಸಿದವನು ಕೈಯಿಂದ ತಡವಿಯೇ ನಾಬು ಹುಡುಕಬೇಕು. ಗಾಜಿನ ಮೇಲಿನ ಬಿಂಬ ಮೇಲುಕೆಳಗಾಗಿ, ಎಡಬಲ ಅದಲುಬದಲಾಗಿ ಇರುತ್ತದೆ. ಬುದ್ಧಿಯೂ ಹೊತ್ತೇರಿದಂತೆ ಹಾಗೇ ಆಗುತ್ತದೆ. ಎಲ್ಲ ನಾಬೂ ಒಂದೇ ಥರ ಇದ್ದರೆ ಬಾಗು ಬಿಗಿಯಲು ಹೋಗಿ ಏರು ಸಡಿಲಿಸುವುದು ಖಚಿತ. ಆದ್ದರಿಂದ ಬಾಗಿಗೆ ಗೀರು ಹಾಕಿದ ಗುಂಡುನಾಬು, ಏರಿಳಿತಕ್ಕೆ ಸನ್ನೆ, ಅಡ್ಡಸರಿತಕ್ಕೆ ಚಿಟ್ಟೆನಟ್ಟು. ಚನ್ನಪಟ್ಟಣದಲ್ಲಿ ಹಾಲೆ ಮರವನ್ನು ಕಡೆಸಿ ಅರಗಿನ ಬಣ್ಣ ಹಚ್ಚಿಸಿ, ಬಾಗಿಗೆ ಕೆಂಪು, ಏರಿಗೆ ಹಳದಿ ಎಂದು ಮಾಡಿಸಬಹುದೆಂಬ ಸಲಹೆ ಬಂದಿದೆ. ನೋಡಲು ಅತಿ ಸುಂದರ. ಆದರೆ ಬಟ್ಟೆಯೊಳಗಿನ ಕತ್ತಲಲ್ಲಿ ಬಣ್ಣಕ್ಕೆ ಬೆಲೆಯಿಲ್ಲ, ಗೊಂಬೆಗೆ ಗುಣವಾದ ನುಣುಪು ನಾಬಿಗೆ ದೋಷ. ಮಾಡಿಸಿಯೇ ತೀರುತ್ತೇನೆನ್ನುವವರು ಒಳಗೆ ಹಿತ್ತಾಳೆಯ ನಟ್ಟು ಕೂರಿಸಲಿ. ಮರದ ಥ್ರೆಡ್ಡು ಬಹಳ ದಿನ ನಿಲ್ಲದು.

ಹಿತ್ತಾಳೆಯದೇ ಬೇಕಾದರೆ ಲೇತ್ ಅಂಗಡಿಗೆ ಹೋಗಬೇಕು. ಅಲ್ಲಿ ಮೊದಲ ಪ್ರಶ್ನೆ, “ಯಾವ ಗಾಡೀದು ಸಾರ್?” ಕ್ಯಾಮೆರಾದ್ದು ಎಂದರೆ ಒಂದು ದರ, ಪಂಪ್‌ಸೆಟ್ಟಿನದು ಎಂದರೆ ಇನ್ನೊಂದು. ಆಪದ್ಧರ್ಮದ ಅಡಿಯಲ್ಲಿ ಪಂಪ್‌ಸೆಟ್ ಎಂದು ಹೇಳುವುದು ಶಾಸ್ತ್ರಸಮ್ಮತ.

ಓದುಗರಲ್ಲಿ ಕೊನೆಯದೊಂದು ವಿನಂತಿ. ನಾಬು ಹಾಕಿದ ಮೇಲೆ ಬೋಲ್ಟಿನ ತುದಿಯನ್ನು ಸುತ್ತಿಗೆಯಿಂದ ತಟ್ಟಿ ಅರಳಿಸಿ, ನಾಬು ಕಳಚಿ ಬರದಂತೆ ಮಾಡಿ. ಮಳೆಗಾಲದಲ್ಲಿ ಮರ ಉಬ್ಬುತ್ತದೆ. ಆದ್ದರಿಂದ ಮನೆಗೆ ಬಂದೊಡನೆ ಎಲ್ಲ ನಾಬುಗಳನ್ನೂ ಅರ್ಧ ಸುತ್ತು ಸಡಿಲಿಸಿಡಿ. ಮತ್ತು ಎಂ6 ಅಳತೆಯ ನಾಬೊಂದನ್ನು ಹೆಚ್ಚಿಗೆ ಕೊಂಡು ಚೀಲದಲ್ಲಿಟ್ಟುಕೊಳ್ಳಿ.