ಜಾವಳಿಯಲ್ಲೊಂದು ಮೇಲ್ ಗೇಟ್‌ವೇ: ಕೆಡಿಸುವ ಕ್ರಮ

ಮೊದಲು ಗೇಟ್‌ವೇ ಬೇಕಿಲ್ಲದ ಜಾಗವೊಂದನ್ನು ಆರಿಸಿಕೊಳ್ಳಿ. ಜಾವಳಿಯ ಕಾಫಿ ತೋಟದ ಆಫೀಸು ಇದಕ್ಕೆ ಹೇಳಿ ಮಾಡಿಸಿದ್ದು. ಅಲ್ಲಿರುವವರು ಸಾಹುಕಾರರು, ರೈಟರು, ಲೆಕ್ಕ ಬರೆಯುವ ಹುಡುಗಿ, ಅಷ್ಟೆ. ಬಾಡಿಗೆಯ ಮೇಲ್ ಸೇವೆ ತಗೊಂಡರೆ ಅರ್ಧ ಗಂಟೆಯಲ್ಲಿ ಮುಗಿಯುತ್ತೆ ಅಪ್ಪ ಎಂದು ಬೆಂಗಳೂರಿನ ಮಗಳು ಫೋನಿನಲ್ಲಿ ಹೇಳುತ್ತಾಳೆ. ಹೂಂಗುಟ್ಟಿ, ಫೋನ್ ಇಡಿ. ತೋಟಕ್ಕೊಂದು ಸರ್ವರ್, ಗೋದಾಮಿಗೊಂದು ಸರ್ವರ್, ಎರಡರ ಮುಂದೆ ಕಾವಲಿಗೊಂದು ಗೇಟ್‌ವೇ ಎಂದು ತೀರ್ಮಾನಿಸಿ. ಹೊರಗಿನಿಂದ ಬಂದ ಮೇಲನ್ನು ಗೇಟ್‌ವೇ ಹಿಡಿಯಬೇಕು, ಕಸ ಆರಿಸಿ ಎಸೆಯಬೇಕು, ಉಳಿದದ್ದನ್ನು ಒಳಗಿನ ಸರ್ವರಿಗೆ ದಾಟಿಸಬೇಕು. ಇದರಲ್ಲಿ ಕೆಡಿಸಲು ಏನಿದೆ ಎನ್ನಬೇಡಿ. ತಾಳ್ಮೆ ಇರಲಿ.

ಮೂರೂ ಪೆಟ್ಟಿಗೆಗಳನ್ನು ಪಲ್ಪರ್ ಪಕ್ಕದ ತೇವದ ಕೋಣೆಯಲ್ಲಿಟ್ಟು ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿ. ಯುಪಿಎಸ್ ಟಿವಿಗಿರಲಿ. ಅರ್ಥಿಂಗ್‌ಗೆ ಖರ್ಚು ಮಾಡಬೇಡಿ. ಭರಣಿ ಮಳೆಯ ಮೊದಲ ಸಿಡಿಲಿಗೆ ಮೋಡೆಮ್ ಸುಟ್ಟರೆ ಹೊಸದು ತನ್ನಿ, ಅದನ್ನೂ ಅಲ್ಲೇ ಇಡಿ.

ಇನ್ನು ಪೋಸ್ಟ್‌ಫಿಕ್ಸ್ ಹಾಕಿ. ವೀಟ್ಸೆ ವೆನೆಮಾ ಎಂಬಾತ ಐಬಿಎಮ್‌ನಲ್ಲಿದ್ದಾಗ ಬರೆದ ಈ ತಂತ್ರಾಂಶ 1998ರಲ್ಲಿ ಹೊರಬಂತು. ಸುರಕ್ಷಿತವಾಗಿರಲಿ ಎಂದೇ ಆತ ಬರೆದ. ಆ ದೋಷವನ್ನು ನೀವು ತಿದ್ದಬೇಕು. 'ಮೈನೆಟ್‌ವರ್ಕ್ಸ್' ಎಂಬ ಸಾಲು ಹುಡುಕಿ. ಯಾರ ಮೇಲನ್ನು ಪ್ರಶ್ನಿಸದೆ ಎಲ್ಲಿಗೆ ಬೇಕಾದರೂ ದಾಟಿಸಬಹುದು ಎಂಬ ಪಟ್ಟಿ ಅದು. ಅಲ್ಲಿ ತೋಟದ ಎರಡು ಸರ್ವರ್‌ಗಳ ವಿಳಾಸ ಮಾತ್ರ ಬರೆಯುವುದು ಜಿಪುಣತನ. 0.0.0.0/0 ಎಂದು ಬರೆಯಿರಿ, ಇಡೀ ಭೂಮಂಡಲ ಬಂತು. ಜಾವಳಿಯಲ್ಲಿ ಹುಟ್ಟುವ ಹೇಮಾವತಿ ಗೊರೂರು ಅಣೆಕಟ್ಟು ಮುಟ್ಟುವವರೆಗೆ ಸಿಕ್ಕ ಹಳ್ಳವನ್ನೆಲ್ಲ ಕೂಡಿಸಿಕೊಂಡೇ ಹೋಗುತ್ತಾಳೆ. ನಿಮ್ಮ ಗೇಟ್‌ವೇಗೂ ಆ ಔದಾರ್ಯವಿರಲಿ. ಹೆದರಬೇಡಿ, ಇದು ಹಿರಿಯರ ಪದ್ಧತಿ. 1998ರಲ್ಲಿ ಸೆಂಡ್‌ಮೇಲ್ ಎಂಬ ಮೇಲ್ ತಂತ್ರಾಂಶದ 8.9 ಆವೃತ್ತಿ ಬಂದು ಬಾಗಿಲು ಹಾಕುವವರೆಗೆ ಅರ್ಧ ಜಗತ್ತಿನ ಮೇಲ್ ಸರ್ವರ್‌ಗಳು ಹೀಗೇ ತೆರೆದಿದ್ದವು. ಒಂದೆರಡು ದಿನದಲ್ಲಿ ಯಾವುದೋ ದೇಶದ ಔಷಧಿ ವ್ಯಾಪಾರಿ ನಿಮ್ಮ ಬಾಗಿಲು ಪತ್ತೆ ಹಚ್ಚುತ್ತಾನೆ. ಆತನ ಲಕ್ಷಾಂತರ ಮೇಲ್‌ಗಳನ್ನು ನಿಷ್ಠೆಯಿಂದ ರವಾನಿಸಿ. ಕಪ್ಪುಪಟ್ಟಿಯಲ್ಲಿ ಜಾವಳಿಯ ಹೆಸರು ಬರುವುದು ಇನ್ನು ಹೇಗೆ?

ಮುಂದಿನದು ನಾಜೂಕಿನ ಕೆಲಸ, ನಿಧಾನವಾಗಿ ಮಾಡಿ. ಒಳಗೆ ಯಾರ್‍ಯಾರಿಗೆ ವಿಳಾಸವಿದೆ ಎಂಬ ಪಟ್ಟಿಯನ್ನು ಗೇಟ್‌ವೇಗೆ ಕೊಡಲೇಬೇಡಿ. ಪಟ್ಟಿ ಇದ್ದರೆ ಅದು ಇಲ್ಲದ ಹೆಸರಿನ ಮೇಲನ್ನು ಬಾಗಿಲಲ್ಲೇ ತಡೆದು ಕಳಿಸಿಬಿಡುತ್ತದೆ. ಪಟ್ಟಿ ಇಲ್ಲದಿದ್ದರೆ ಬಂದದ್ದನ್ನೆಲ್ಲ ಒಪ್ಪಿಕೊಳ್ಳುತ್ತದೆ, ಒಳಗಿನ ಸರ್ವರ್ 'ಇಂಥವರು ಇಲ್ಲಿಲ್ಲ' ಎನ್ನುತ್ತದೆ, ಒಪ್ಪಿಕೊಂಡ ತಪ್ಪಿಗೆ ಗೇಟ್‌ವೇ ಕಳಿಸಿದವರಿಗೆ ವಿಷಾದ ಪತ್ರ ಬರೆಯುತ್ತದೆ. ಕಸದ ಮೇಲಿನಲ್ಲಿ ಕಳಿಸಿದವರ ಹೆಸರು ಹೇಗೂ ಸುಳ್ಳು. ಹೀಗಾಗಿ ಏನೂ ಅರಿಯದ ಯಾರೋ ಮೇಷ್ಟರಿಗೆ ಜಾವಳಿಯಿಂದ ದಿನಕ್ಕೆ ನೂರು ವಿಷಾದ ಪತ್ರ ತಲುಪುತ್ತದೆ. ಕಸವನ್ನು ತಡೆಯಲು ಇಟ್ಟ ಯಂತ್ರದಿಂದಲೇ ಕಸ ಹುಟ್ಟಿಸುವ ಈ ವಿದ್ಯೆಯನ್ನು ನಾನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ.

ದಾಟಿಸುವ ದಾರಿ ಬರೆಯುವಾಗ ಒಳಗಿನ ಸರ್ವರ್ ಹೆಸರಿಗೆ ಚೌಕ ಕಂಸ ಹಾಕಬೇಡಿ. ಕಂಸವಿದ್ದರೆ ಪೋಸ್ಟ್‌ಫಿಕ್ಸ್ ನೇರ ಅಲ್ಲಿಗೇ ಹೋಗುತ್ತದೆ. ಇಲ್ಲದಿದ್ದರೆ ಆ ಹೆಸರಿನ ಮೇಲ್ ಯಾರಿಗೆ ಸೇರಬೇಕು ಎಂದು ಎಂಎಕ್ಸ್ ದಾಖಲೆ ನೋಡುತ್ತದೆ, ಅಲ್ಲಿ ತನ್ನ ಹೆಸರನ್ನೇ ಕಂಡು ಕಂಗಾಲಾಗುತ್ತದೆ. ತೋಟದ ಸರ್ವರ್ ಗೊತ್ತಿಲ್ಲದ್ದನ್ನೆಲ್ಲ ಗೇಟ್‌ವೇಗೆ ವಾಪಸ್ ಕಳಿಸುವಂತೆ ಮಾಡಿದರೆ ಇನ್ನೂ ಸೊಗಸು. ಒಂದೇ ಮೇಲ್ ಪ್ರತಿ ಸಲವೂ ತಲೆಯ ಮೇಲೊಂದು ಠಸ್ಸೆ ಒತ್ತಿಸಿಕೊಂಡು ಅತ್ತಿತ್ತ ಓಡಾಡುತ್ತದೆ. 50 ಠಸ್ಸೆಯ ಆಸುಪಾಸಿನಲ್ಲಿ ಪೋಸ್ಟ್‌ಫಿಕ್ಸ್ ಕೈಚೆಲ್ಲುತ್ತದೆ. ಆ ಮಿತಿಯನ್ನೂ ಏರಿಸಿ.

ಒಳಗಿನ ಸರ್ವರ್‌ಗಳ ಮೇಲ್ ಬರುವ 25ನೇ ಪೋರ್ಟನ್ನು ಹೊರಜಗತ್ತಿಗೂ ತೆರೆದಿಡಿ. ಬೇಲಿಯಿಲ್ಲದ ಕಡೆ ಗೇಟಿನ ಕಾವಲುಗಾರನಿಗೂ ವಿಶ್ರಾಂತಿ ಸಿಗಲಿ.

ಮಳೆಗಾಲದ ಪಾಠ ಬೇರೆ. ಪುಷ್ಯ ಮಳೆಗೆ ಮರ ಬಿದ್ದು ಮೂರು ದಿನ ಕರೆಂಟಿಲ್ಲ ಎನ್ನಿ. ಬೇರೆ ಊರಿನ ಸರ್ವರ್‌ಗಳು ನಿಮ್ಮ ಮೇಲನ್ನು ಸಾಮಾನ್ಯವಾಗಿ ನಾಲ್ಕೈದು ದಿನ ಇಟ್ಟುಕೊಂಡು ಮತ್ತೆ ಮತ್ತೆ ಬಾಗಿಲು ತಟ್ಟುತ್ತವೆ. ಈ ಸಜ್ಜನಿಕೆಯನ್ನು ಮುರಿಯುವುದು ಸುಲಭ. 4ರಿಂದ ಶುರುವಾಗುವ ಉತ್ತರ ಎಂದರೆ 'ಆಮೇಲೆ ಬನ್ನಿ', 5ರಿಂದ ಶುರುವಾದರೆ 'ಬರಲೇಬೇಡಿ'. ಕರೆಂಟು ಬಂದು ಒಳಗಿನ ಸರ್ವರ್ ಇನ್ನೂ ಕಣ್ಣುಜ್ಜುತ್ತಿರುವಾಗ ಎಲ್ಲರಿಗೂ 5 ಕೊಡಿ. ದಾಟಲು ಕಾದಿರುವ ನಿಮ್ಮ ಸ್ವಂತ ಮೇಲ್ ಸರದಿಯ ಆಯುಷ್ಯ ಮೂಲದಲ್ಲಿ 5 ದಿನವಿರುತ್ತದೆ, ಅದನ್ನು ಒಂದು ಗಂಟೆಗೆ ಇಳಿಸಿ.

ಹೊರಗೆ ಕಳಿಸುವ ಮೇಲನ್ನು ಕೆಡಿಸಲು ಏನೂ ಮಾಡಬೇಕಿಲ್ಲ. ಮೇಲ್ ನಿಜಕ್ಕೂ ನಿಮ್ಮಿಂದಲೇ ಬಂದದ್ದು ಎಂದು ಸಾರುವ ಎಸ್‌ಪಿಎಫ್ ದಾಖಲೆ ಬರೆಯಬೇಡಿ, ಡಿಕಿಮ್ ಸಹಿ ಹಾಕಬೇಡಿ. 2024ರ ಫೆಬ್ರವರಿಯಿಂದ ಗೂಗಲ್, ಯಾಹೂ ಇವುಗಳ ವಿಷಯದಲ್ಲಿ ಬಿಗಿಯಾಗಿವೆ, ಉಳಿದದ್ದನ್ನು ಅವರೇ ನೋಡಿಕೊಳ್ಳುತ್ತಾರೆ. ಗಾತ್ರದ ಮಿತಿಯನ್ನೂ ಮುಟ್ಟಬೇಡಿ. ಮೂಲದಲ್ಲಿ ಅದು 1,02,40,000 ಬೈಟ್. ಕೊಳೆ ರೋಗ ಹಿಡಿದ ಎಲೆಯ 8 ಎಂಬಿ ಫೋಟೋವನ್ನು ರೈಟರು ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೆ ಕಳಿಸಹೊರಟರೆ, ಮೇಲಿಗೆ ಅಂಟಿಸುವಾಗ ಅದು ಮೂರನೇ ಒಂದು ಪಾಲು ಉಬ್ಬಿ ನಿಮ್ಮ ಗೇಟ್‌ವೇಯಲ್ಲೇ ತಿರಸ್ಕೃತವಾಗುತ್ತದೆ. ರೋಗ ಅಷ್ಟರಲ್ಲಿ ಪಕ್ಕದ ಗಿಡಕ್ಕೆ ತಲುಪಿರುತ್ತದೆ.

ಲಾಗ್ ಓದಬೇಡಿ. ಆದದ್ದೆಲ್ಲ ಅದರಲ್ಲಿ ಗಂಟೆ ನಿಮಿಷ ಸಮೇತ ಬರೆದಿರುತ್ತದೆ, ಸುಮ್ಮನೆ ಬೇಸರ. 'ಮೇಲ್ ಬಂದಿಲ್ಲವಲ್ಲ ಗೌಡ್ರೆ' ಎಂದು ಯಾರಾದರೂ ಫೋನ್ ಮಾಡಿದರೆ 'ನಾವು ಕಳಿಸಿದ್ದೀವಲ್ಲ, ಸ್ಪ್ಯಾಮಿನಲ್ಲಿ ನೋಡಿ' ಎನ್ನಿ. ನಿಜವಾಗಿ ತುರ್ತಿನ ಕಾಗದವಿದ್ದರೆ ಮೂಡಿಗೆರೆ ಕಡೆ ಹೋಗುವ ಬಸ್ಸಿನ ಕಂಡಕ್ಟರ್ ಕೈಗೆ ಕೊಡಿ. ಲಕೋಟೆಯ ಮೇಲೆ ಪಡೆಯುವವರ ಫೋನ್ ನಂಬರ್ ದೊಡ್ಡದಾಗಿ ಬರೆಯಿರಿ.